ಹದಿನೇಳು ಇಂಚಿನ ಚಕ್ರ, ನನ್ನ ಷಡ್ಡಕನ ಕೈಗುಣ

ಚನ್ನಕೇಶವನ ವಿಷಯ ಬರೆಯುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅಲ್ಪಸ್ವಲ್ಪ ಅಲ್ಲ, ಅವನ ಹೆಸರು ಕಿವಿಗೆ ಬಿದ್ದರೆ ತಟ್ಟೆಯಲ್ಲಿರುವ ಮುದ್ದೆ ಗಂಟಲಲ್ಲಿ ಇಳಿಯದಷ್ಟು. ಇಲ್ಲಿ ಅವನ ಬಗ್ಗೆ ಒಳ್ಳೆಯ ಮಾತು ಎಲ್ಲಾದರೂ ಕಂಡರೆ, ಅದನ್ನು ನಾನು ಹಲ್ಲು ಕಚ್ಚಿಕೊಂಡು ಬರೆದದ್ದು ಎಂದು ತಿಳಿದುಕೊಳ್ಳಿ.

ನಾನು ಸುನೀಲ್‌ಕುಮಾರ್. ಮನೆ ಗೌರಿಬಿದನೂರಿನಲ್ಲಿ. ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. ನನ್ನ ಕೈಕೆಳಗೆ ನಲವತ್ತು ಜನ ಇದ್ದಾರೆ. ಚನ್ನಕೇಶವ ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿ ಶೋಭಾರಾಣಿಯ ತಂಗಿಯ ಗಂಡ. ಊರು ಕೆಂಚಾರ್ಲಹಳ್ಳಿ, ಈಗ ಇರುವುದು ಚಿಂತಾಮಣಿಯಲ್ಲಿ, ಕೆಲಸ ಬಸ್ ಡ್ರೈವರ್. ಅವನ ಕೈಕೆಳಗೆ ಯಾರೂ ಇಲ್ಲ. ಕಂಡಕ್ಟರ್ ಸೀಟಿ ಊದಿದರೆ ಇವನು ನಿಲ್ಲಿಸಬೇಕು, ಇನ್ನೊಮ್ಮೆ ಊದಿದರೆ ಹೊರಡಬೇಕು. ಅಂಥವನ ಮುಂದೆ ನಾನು ಆರು ವರ್ಷ ಸೋತು ಕೂತಿದ್ದೆ.

ಸೋತದ್ದು ಅತ್ತೆಯ ಮನೆಯಲ್ಲಿ. ಸಾದಲಿಯಲ್ಲಿ ಅತ್ತೆ ಕದಿರಮ್ಮ, ಮಾವ ಬಯ್ಯಪ್ಪ ಎರಡೆಕರೆ ಹಿಪ್ಪುನೇರಳೆ ಇಟ್ಟುಕೊಂಡು ರೇಷ್ಮೆಹುಳ ಮೇಯಿಸುತ್ತಾರೆ. ಮೊಟ್ಟೆಯೊಡೆದು ಬಂದ ಎಳೇ ಹುಳವನ್ನು ಸಾಕುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಅದಕ್ಕೇ ಚಾಕಿ ಕೇಂದ್ರಗಳಿವೆ. ಅಲ್ಲಿ ಹುಳ ಎರಡನೇ ಜ್ವರಕ್ಕೆ ಕೂರುವವರೆಗೆ ನೋಡಿಕೊಂಡು ಆಮೇಲೆ ರೈತರಿಗೆ ಕೊಡುತ್ತಾರೆ. ಜ್ವರ ಅಂದರೆ ಕಾಯಿಲೆಯಲ್ಲ. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿಕೊಂಡು ಒಂದು ದಿನ ಅಲ್ಲಾಡದೆ ಮಲಗುವುದು. ಹಾಗೆ ಮಲಗಿರುವಾಗಲೇ, ಬಿಸಿಲೇರುವ ಮೊದಲು, ಕುಲುಕಾಟವಿಲ್ಲದೆ ಮನೆಗೆ ತಂದುಬಿಡಬೇಕು. ನಮ್ಮವರು ತರುವುದು ಕೆಂಚಾರ್ಲಹಳ್ಳಿಯ ವೆಂಕಟರಾಮಪ್ಪನ ಚಾಕಿ ಕೇಂದ್ರದಿಂದ.

ಹುಳ ತರುವವನ ಕೈಗುಣದ ಮೇಲೆ ಬೆಳೆ ನಿಂತಿದೆ ಎಂದು ನಮ್ಮತ್ತೆ ಬಲವಾಗಿ ನಂಬಿದ್ದಾರೆ. ಆರು ವರ್ಷದ ಹಿಂದೆ ಒಮ್ಮೆ ನಾನು ತಂದಿದ್ದೆ. ದಾರಿಯಲ್ಲಿ ಚಿಂತಾಮಣಿಯಲ್ಲಿ ಬಿರಿಯಾನಿಗೆ ನಿಲ್ಲಿಸಿ, ನಡುಮಧ್ಯಾಹ್ನ ಸಾದಲಿ ಮುಟ್ಟಿದೆ. ಬೆಳೆಗೆ ಸಪ್ಪೆರೋಗ ಬಡಿದು, ಹುಳವನ್ನೆಲ್ಲ ಗುಂಡಿ ತೋಡಿ ಹೂತರು. ಮುಂದಿನ ಬೆಳೆಗೆ ಅತ್ತೆ ಚನ್ನಕೇಶವನಿಗೆ ಫೋನ್ ಮಾಡಿದರು, ಅಷ್ಟೇ. ಆವತ್ತಿನಿಂದ ಅವನೇ ತರುತ್ತಿದ್ದಾನೆ, ಒಂದು ಬೆಳೆಯೂ ಕೈಕೊಟ್ಟಿಲ್ಲ. ಮನೆಯಲ್ಲಿ ಮದುವೆ ಮಾತಾದರೂ ಅವನನ್ನು ಕೇಳುತ್ತಾರೆ, ಬೋರ್‌ವೆಲ್ ಕೊರೆಸುವುದಾದರೂ ಅವನನ್ನು ಕೇಳುತ್ತಾರೆ. ನನ್ನನ್ನು ಅತ್ತೆ ಮಾತಾಡಿಸುವುದು "ಬನ್ನಿ, ಕೂತ್ಕೊಳ್ಳಿ, ಕಾಫಿ ಕುಡೀರಿ" ಎಂದು, ಸರ್ಕಾರಿ ಆಫೀಸರ್ ಬಂದ ಹಾಗೆ. ಅವನನ್ನು ಮಾತ್ರ "ಬಾರಪ್ಪ ಕೇಶ್ವಪ್ಪ, ತಿಂದ್ಯಾ?" ಅನ್ನುತ್ತಾರೆ. ಆ 'ತಿಂದ್ಯಾ' ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ.

ಅವನಲ್ಲಿ ಅಂಥದ್ದೇನಿದೆ ಎಂದು ನೋಡಲು ಒಂದು ಸಲ ಬೇಕೆಂದೇ ಅವನ ಬಸ್ಸು ಹತ್ತಿದ್ದೆ. ಏನೂ ಇಲ್ಲ ಸ್ವಾಮಿ. ಸಾಧಾರಣ ಎತ್ತರ, ಮುಂದೆ ತೆಳುವಾದ ಕೂದಲು, ಹೆಗಲ ಮೇಲೆ ಒಂದು ನೀಲಿ ಗೆರೆಯ ಟವಲು. ಹಾರನ್ ಹೊಡೆಯುವುದಿಲ್ಲ. ಎದುರಿಗೆ ಲಾರಿ ನುಗ್ಗಿದರೆ ಬಯ್ಯುವುದೂ ಇಲ್ಲ, ಪಕ್ಕಕ್ಕೆ ಸರಿದು ದಾರಿ ಬಿಡುತ್ತಾನೆ. ನಿಲ್ದಾಣ ಇನ್ನೂ ದೂರವಿರುವಾಗಲೇ ಕಾಲು ತೆಗೆದು ಬಸ್ಸನ್ನು ತಾನಾಗಿಯೇ ನಿಧಾನವಾಗಲು ಬಿಡುತ್ತಾನೆ. ಬ್ರೇಕ್ ಹಾಕಿದ್ದು ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಪಕ್ಕ ಕೂತಿದ್ದ ಮುನಿಶಾಮಮ್ಮ ಎಂಬ ಮುದುಕಿ, ಹಿಂದಿನ ಬಸ್ಸು ಖಾಲಿ ಹೋದರೂ ಬಿಟ್ಟು ಇವನ ಬಸ್ಸಿಗೇ ಕಾಯುತ್ತಾಳಂತೆ. "ಈವಪ್ಪನ ಬಸ್ಸಲ್ಲಿ ಸೊಂಟ ಅಲ್ಲಾಡಲ್ಲ ಕಣಪ್ಪ," ಎಂದಳು. ನಾನು ಕಿಟಕಿ ಕಡೆ ಮುಖ ತಿರುಗಿಸಿಕೊಂಡೆ.

ಅವನ ಸ್ವಂತ ಗಾಡಿಯೋ, ಕೇಳಲೇಬೇಡಿ. ಹದಿನಾಲ್ಕು ವರ್ಷದ ಹಳೇ ಪುಟ್ಟ ಕಾರು, ಅದಕ್ಕೆ ಆಟದ ಸಾಮಾನಿನಷ್ಟು ಚಿಕ್ಕ ಚಕ್ರ. ಅದರಲ್ಲೇ ಹುಳ ತರುತ್ತಾನೆ. ನನ್ನ ಕಾರು ಅದರ ಎರಡರಷ್ಟು ಚೆನ್ನಾಗಿದೆ. ಆದರೂ ಮಾವ ಅಂಗಳದ ನೆರಳಿನ ಜಾಗವನ್ನು ಬಿಟ್ಟುಕೊಡುವುದು ಅವನ ಡಬ್ಬಕ್ಕೆ. ಇದನ್ನು ಎಷ್ಟು ದಿನ ಸಹಿಸುವುದು? ಈ ವರ್ಷ ಜನವರಿಯಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿ ನನ್ನ ಕಾರಿಗೆ ಹದಿನೇಳು ಇಂಚಿನ ಅಲಾಯ್ ಚಕ್ರ ಹಾಕಿಸಿದೆ.

ಅಂಗಡಿಯ ಮುರಳಿಮೋಹನ್ ಒಳ್ಳೆಯವನು, ಎಚ್ಚರಿಸಿದ. "ಸಾರ್, ಕಂಪನಿ ಕೊಟ್ಟಿರೋದು ಹದಿನಾಲ್ಕು. ಹದಿನೈದು ಹಾಕಿ, ಬೇಡ ಅನ್ನಲ್ಲ. ಹದಿನೇಳು ಈ ಗಾಡಿಗೆ ಜಾಸ್ತಿ ಆಯ್ತದೆ."

"ದೊಡ್ಡದು ಹಾಕಪ್ಪ. ದೂರದಿಂದ ಕಾಣಬೇಕು," ಎಂದೆ.

ಇಂಥ ಚಕ್ರ ನೋಡಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ, ಬಿಚ್ಚಿಕೊಂಡು ಹೋದರೂ ಹೋದಾರು ಎಂದು, ಪ್ರತಿ ಚಕ್ರಕ್ಕೂ ಒಂದೊಂದು ಲಾಕ್ ನಟ್ಟನ್ನೂ ಕೂರಿಸಿದೆ. ಅದನ್ನು ಬಿಚ್ಚಲು ಬೇರೆಯೇ ಒಂದು ಕೀಲಿ. ಲೋಕವೆಲ್ಲ ನನ್ನ ಹಾಗೇ ಎಂದು ತಿಳಿದಿದ್ದೆ, ನೋಡಿ.

ಶಿವರಾತ್ರಿಗೆ ಸಾದಲಿಗೆ ಹೋದಾಗ ಕಾರನ್ನು ಬೇಕೆಂದೇ ಅಂಗಳದ ನಟ್ಟನಡುವೆ ನಿಲ್ಲಿಸಿದೆ. ಮಾವ ಒಂದು ಸುತ್ತು ಬಂದು, "ಏನಪ್ಪಾ ಇದು, ಟ್ರ್ಯಾಕ್ಟರ್ ಚಕ್ರ ಹಾಕ್ಸಿದೀರಾ?" ಎಂದರು. ಶೋಭಾರಾಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಚನ್ನಕೇಶವ ಮಾತ್ರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಟಯರಿನ ಪಕ್ಕೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದ. ಎರಡು ಬೆರಳಷ್ಟೇ ರಬ್ಬರು, ಮಿಕ್ಕದ್ದೆಲ್ಲ ಲೋಹ.

"ನೋಡಕ್ಕೆ ಬೊಂಬಾಟಾಗಿದೆ ಅಣ್ಣ," ಎಂದ. "ಪಿಕಪ್ ಹೆಂಗಿದೆ?"

"ಸ್ವಲ್ಪ ಎಳೆಯುತ್ತೆ. ಹೊಸದಲ್ವಾ, ಸರಿಹೋಗುತ್ತೆ."

"ಹೋಗಲ್ಲ ಅಣ್ಣ. ಚಕ್ರದ ತೂಕ ಬೇರೆ, ಡಿಕ್ಕೀಲಿಡೋ ತೂಕ ಬೇರೆ. ತಲೆ ಮೇಲೆ ಐದು ಕೆಜಿ ಹೊತ್ಕೊಂಡು ನಡೀಬೋದು. ಅದೇ ಐದು ಕೆಜೀನ ಪಾದಕ್ಕೆ ಕಟ್ಕೊಂಡು ನಡೀರಿ ನೋಡಣ. ಎತ್ತೋದೂ ಕಷ್ಟ, ನಿಲ್ಸೋದೂ ಕಷ್ಟ. ಬ್ರೇಕು ಒಂದು ಮಾರು ಮುಂಚೇನೇ ಹಾಕಿ. ಸುತ್ತಳತೇನೂ ಜಾಸ್ತಿಯಾಗಿದೆ, ಮೀಟರು ಅರವತ್ತು ಅಂದ್ರೆ ನೀವು ಅರವತ್ನಾಕು ಅರವತ್ತೈದರಲ್ಲಿ ಇರ್ತೀರ."

"ತಿರುವಲ್ಲಿ ಹೆಂಗೆ ಹಿಡಿಯುತ್ತೆ ಗೊತ್ತಾ? ಅಂಟಿಕೊಂಡ ಹಾಗೆ!" ಎಂದೆ.

"ಅದು ನಿಜ ಅಣ್ಣ. ಒಳ್ಳೇ ರಸ್ತೇಲಿ ಚೆನ್ನಾಗಿ ಹಿಡೀತದೆ. ಪಕ್ಕೆ ಬಗ್ಗಲ್ವಲ್ಲ, ತಿರುಗಿಸಿದ ತಕ್ಷಣ ತಿರುಗ್ತದೆ. ಆದ್ರೆ ಗುಂಡಿಗೆ ಬಿದ್ರೆ ಏಟು ತಿನ್ನಕ್ಕೆ ರಬ್ಬರೇ ಇಲ್ಲ."

ಅವನು ಹೇಳಿದ್ದು ಒಂದೊಂದೂ ನಿಜವಾಗಿತ್ತು. ಗೇರ್ ಇಳಿಸದೆ ಒಂದು ಏರೂ ಹತ್ತುತ್ತಿರಲಿಲ್ಲ, ಗುಂಡಿಗೆ ಬಿದ್ದಾಗ ಬೆನ್ನುಮೂಳೆಯೇ ಚೀರುತ್ತಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಡ್ರೈವರ್ ನನಗೆ ಪಾಠ ಹೇಳುವುದಾ? ಅಲ್ಲೇ, ಎಲ್ಲರ ಮುಂದೆ, ಅತ್ತೆಯ ಕಡೆ ತಿರುಗಿ ಹೇಳಿಬಿಟ್ಟೆ: "ಅತ್ತೆ, ಈ ಸಲ ಹುಳ ನಾನು ತರ್ತೀನಿ."

ಅತ್ತೆಯ ಕಣ್ಣು ಚನ್ನಕೇಶವನ ಕಡೆ ಹೋದದ್ದನ್ನು ನಾನು ನೋಡಿದೆ. ಅವನು, "ತರ್ಲಿ ಬಿಡಿ ಅತ್ತೆ, ನಂಗೆ ಆವತ್ತು ಡ್ಯೂಟಿ ಇರ್ಬೋದು," ಎಂದ. ಅವನು ಹೇಳಿದ ಮೇಲೆ ಅತ್ತೆ ಒಪ್ಪಿದರು. ನನ್ನ ಮಾತಿಗಲ್ಲ, ಅವನ ಮಾತಿಗೆ. ಇನ್ನೊಂದು ಬೆಳೆ ನನ್ನ ಕೈಯಲ್ಲಿ ಹೋದರೆ ಆ ಮನೆಯಲ್ಲಿ ನನ್ನ ಕಥೆ ಮುಗಿದ ಹಾಗೆ ಎಂದು ನನಗೆ ಗೊತ್ತಿತ್ತು. ಬೆಳೆ ಬಂದರೆ ಆ 'ತಿಂದ್ಯಾ' ನನ್ನದು.

ಮಾರ್ಚ್ ಕೊನೆಯಲ್ಲಿ ಆ ದಿನ ಬಂತು. ಬೆಳಿಗ್ಗೆ ಬೇಗ ಗೌರಿಬಿದನೂರು ಬಿಟ್ಟರೂ ನನ್ನ ಭಾರದ ಚಕ್ರಗಳ ದೆಸೆಯಿಂದ ಕೆಂಚಾರ್ಲಹಳ್ಳಿ ಮುಟ್ಟುವಷ್ಟರಲ್ಲಿ ಏಳೂವರೆ. ವೆಂಕಟರಾಮಪ್ಪ ಹುಳದ ತಟ್ಟೆಗಳನ್ನು ಹಿಂದಿನ ಸೀಟು ಮಡಚಿದ ಜಾಗದಲ್ಲಿ ಒಂದರ ಮೇಲೊಂದು ಜೋಡಿಸಿದರು. "ಚನ್ನಕೇಶವ ಬರ್ಲಿಲ್ವಾ?" ಎಂದು ಕೇಳಿದರು. ನಾನು ಬಾಗಿಲು ಹಾಕಿಕೊಂಡೆ.

ಚಿಂತಾಮಣಿವರೆಗೆ ರಸ್ತೆ ನುಣ್ಣಗಿತ್ತು. ಒಂದು ತಿರುವಿನಲ್ಲಿ ಮೀಟರು ಅರವತ್ತು ತೋರಿಸುತ್ತಿತ್ತು; ಸ್ಟೇರಿಂಗ್ ಅಲ್ಲಾಡಿಸಿದ್ದೇ ತಡ ಕಾರು ಪಟ್ಟನೆ ತಿರುಗಿತು. ಆಹಾ ಎಂದುಕೊಂಡೆ. ಹಿಂದೆ ದಬ ದಬ ಎಂದು ಸದ್ದಾಯಿತು. ಕಾರು ತಿರುಗಿತ್ತು, ತಟ್ಟೆಗಳು ತಿರುಗಿರಲಿಲ್ಲ. ಎಲ್ಲ ಒಂದು ಕಡೆಗೆ ಜಾರಿ ಬಾಗಿಲಿಗೆ ಒರಗಿದ್ದವು. ನಿಲ್ಲಿಸಿ ಸರಿ ಮಾಡಿದೆ. ನಿದ್ದೆಯಲ್ಲಿದ್ದ ಹುಳ ಮೇಲಿನ ಎರಡು ತಟ್ಟೆಗಳಲ್ಲಿ ಒಂದು ಮೂಲೆಗೆ ಸರಿದಿತ್ತು. ಅಯ್ಯೋ ಶಿವನೇ ಎಂದು ಬೆರಳಲ್ಲಿ ಮುಟ್ಟಲೂ ಹೆದರಿ ಹಾಗೇ ಹೊರಟೆ.

ಚಿಂತಾಮಣಿ ದಾಟಿದ್ದೆ, ಮುಂದಿನ ದಿಬ್ಬೂರಹಳ್ಳಿ ಇನ್ನೂ ದೂರವಿತ್ತು. ಪೈಪ್ ಹಾಕಲು ಅಗೆದು ಮುಚ್ಚಿದ ಒಂದು ಜಾಗ ಅಡ್ಡ ಬಂತು. ಬ್ರೇಕ್ ಒತ್ತಿದೆ, ಒಂದು ಮಾರು ಮುಂಚೆ ಒತ್ತಬೇಕಿತ್ತು. ಮುಂದಿನ ಎಡ ಚಕ್ರ ಧಡ್ ಎಂದು ಗುಂಡಿಗೆ ಬಿತ್ತು. ಇಳಿದು ನೋಡಿದರೆ ಟಯರಿನ ಪಕ್ಕೆ ಸೀಳಿ, ರಿಮ್ಮಿನ ಅಂಚು ಒಳಕ್ಕೆ ಮಡಚಿಕೊಂಡಿತ್ತು.

ಸ್ಟೆಪ್ನಿ ಇತ್ತು, ಜಾಕ್ ಇತ್ತು. ಮೂರು ನಟ್ಟು ಬಿಚ್ಚಿದೆ. ನಾಲ್ಕನೆಯದು ಲಾಕ್ ನಟ್ಟು. ಅದರ ಕೀಲಿ ಎಲ್ಲಿ? ಗೌರಿಬಿದನೂರಿನ ಮನೆಯ ಬೀರುವಿನಲ್ಲಿ, ಶೋಭಾರಾಣಿಯ ಒಡವೆ ಡಬ್ಬಿಯ ಪಕ್ಕ ಭದ್ರವಾಗಿತ್ತು. ಕಳ್ಳರಿಂದ ಕಾಪಾಡಿದ ಚಕ್ರವನ್ನು ನಾನೇ ಬಿಚ್ಚಲಾಗದೆ ರಸ್ತೆಯಲ್ಲಿ ಇಂಗು ತಿಂದ ಮಂಗನಂತೆ ನಿಂತೆ.

ಗಂಟೆ ಎಂಟೂ ಮುಕ್ಕಾಲು. ಬಿಸಿಲು ಚುರುಗುಟ್ಟತೊಡಗಿತ್ತು. ಹತ್ತಿರದಲ್ಲಿದ್ದವನು ಒಬ್ಬನೇ, ಚಿಂತಾಮಣಿಯಲ್ಲಿ. ಆವತ್ತು ಅವನಿಗೆ ಡ್ಯೂಟಿ ಇಲ್ಲವೆಂದೂ ನನಗೆ ಗೊತ್ತಿತ್ತು. ಹಿಂದಿನ ಸಂಜೆ ಶೋಭಾರಾಣಿಯ ತಂಗಿ ಫೋನಿನಲ್ಲಿ ಹೇಳಿದ್ದಳು. ಫೋನ್ ಕೈಯಲ್ಲಿ ಹಿಡಿದು ಕಾರಿನ ನೆರಳಲ್ಲಿ ಕೂತೆ. ಅವನ ಹೆಸರು ತೆಗೆದೆ, ಮುಚ್ಚಿದೆ. ಮತ್ತೆ ತೆಗೆದೆ, ಮುಚ್ಚಿದೆ. ಒಳಗೆ ನಮ್ಮತ್ತೆಯ ಒಂದು ಬೆಳೆ ಬೇಯುತ್ತಿದೆ, ಹೊರಗೆ ನಾನು ಮಾನ ಅಳೆಯುತ್ತ ಕೂತಿದ್ದೇನೆ. ಥೂ ನನ್ನ ಜನ್ಮಕ್ಕೆ. ಹಾಗೆ ಹಾಳು ಮಾಡಿದ್ದು ಪೂರ್ತಿ ಕಾಲು ಗಂಟೆ. ಕೊನೆಗೆ ತಟ್ಟೆಯ ಮೇಲಿನ ಬಟ್ಟೆ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಫೋನ್ ಮಾಡಿದೆ.

"ಎಲ್ಲಿದೀರಾ ಅಣ್ಣ?" ಎಂದ. ಹೇಳಿದೆ. "ಬಾಗಿಲೆಲ್ಲ ತೆಗೆದಿಡಿ, ಬಂದೆ," ಎಂದ. ಏನಾಯಿತು, ಹೇಗಾಯಿತು ಎಂದು ಕೇಳಲೇ ಇಲ್ಲ.

ಆ ಡಬ್ಬ ಕಾರು ಬಂತು. ಬಂದವನು ನನ್ನ ಚಕ್ರದ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ, ಒಂದು ಸಲ ನಕ್ಕಿದ್ದರೆ, ನಾನು ಜಗಳವಾಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವನು ಆ ನೀಲಿ ಗೆರೆಯ ಟವಲನ್ನು ಬಾಟಲಿ ನೀರಲ್ಲಿ ನೆನೆಸಿ ಹಿಂಡಿ, ತಟ್ಟೆಗಳ ಸುತ್ತ ಹೊದಿಸಿದ. ಮೂಲೆಗೆ ಸರಿದ ಹುಳದ ಮೇಲೆ ಪಕ್ಕದ ತೋಟದಿಂದ ಕಿತ್ತ ಒಂದೊಂದೆಲೆ ಹಿಪ್ಪುನೇರಳೆ ಇಟ್ಟು, "ಎದ್ಮೇಲೆ ತಾವೇ ಹತ್ಕೊತಾವೆ, ಆಮೇಲೆ ಎಲೇನ ಜರುಗಿಸಿದ್ರಾಯ್ತು," ಎಂದ. ತಟ್ಟೆಗಳನ್ನು ತನ್ನ ಕಾರಿಗೆ ಸಾಗಿಸಿ, ಅವುಗಳ ನಡುವೆ ನನ್ನನ್ನು ಕೂರಿಸಿ, "ಎರಡೂ ಕೈಲಿ ಹಿಡ್ಕೊಳ್ಳಿ," ಎಂದ. ಸೂಪರ್‌ವೈಸರ್ ಸಾಹೇಬ ಬಾಯಿ ಮುಚ್ಚಿಕೊಂಡು ಹಿಡಿದುಕೊಂಡ.

ಅದೇ ರಸ್ತೆ, ಅವೇ ಗುಂಡಿಗಳು. ಆ ಚಿಕ್ಕ ಚಕ್ರದ ದಪ್ಪ ರಬ್ಬರು ಗುಂಡಿಯನ್ನು ನುಂಗಿಕೊಂಡು ಹೋಗುತ್ತಿತ್ತು. ಏರಿನಲ್ಲಿ ಪುಟ್ಟ ಇಂಜಿನ್ ಗೊಣಗದೆ ಎಳೆಯಿತು. ನಲವತ್ತರ ಮೇಲೆ ಹೋಗಲಿಲ್ಲ, ಎಲ್ಲೂ ನಿಲ್ಲಲೂ ಇಲ್ಲ. ನನ್ನ ಕೈಯೊಳಗಿನ ತಟ್ಟೆಗಳು ಮಿಸುಕಲಿಲ್ಲ. ಕೈಗುಣವಂತೆ ಕೈಗುಣ! ಇಷ್ಟೇ ಇದ್ದದ್ದು. ಇಷ್ಟೂ ನನಗೆ ಬರುವುದಿಲ್ಲವಲ್ಲ ಎಂದು ಕಣ್ಣಲ್ಲಿ ನೀರು ಬಂತು, ಹೊಟ್ಟೆಯ ಉರಿಗೆ.

ಸಾದಲಿಯ ಹೊರಗೆ, ಮನೆಗೆ ಇನ್ನೊಂದು ಫರ್ಲಾಂಗ್ ಇರುವಾಗ, ಅವನು ಕಾರು ನಿಲ್ಲಿಸಿ ಇಳಿದ. "ಇಲ್ಲಿಂದ ನೀವು ಓಡ್ಸಿ ಅಣ್ಣ. ನಾನು ಬಸ್ಸಿಗೆ ಹೋಗ್ತೀನಿ. ನಿಮ್ಮ ಗಾಡಿ ಕೆಟ್ಟೋಯ್ತು, ನನ್ನ ಗಾಡಿ ಇಸ್ಕೊಂಡ್ರಿ, ಅಷ್ಟೇ."

"ನೀನೇ ಬಾರೋ," ಎನ್ನಬೇಕಿತ್ತು. ಅನ್ನಲಿಲ್ಲ. ಕೀ ಇಸಿದುಕೊಂಡೆ.

ಅತ್ತೆ ಹುಳದ ಮನೆಯ ಬಾಗಿಲಲ್ಲಿ, ರೋಗ ಒಳಗೆ ಬರದಿರಲೆಂದು, ಸುಣ್ಣ ಹರಡಿಕೊಂಡು ಕಾಯುತ್ತಿದ್ದರು. ಕಾಲು ತೊಳೆದು, ಸುಣ್ಣ ಮೆಟ್ಟಿ, ಬಲಗಾಲಿಟ್ಟು ತಟ್ಟೆಗಳನ್ನು ನಾನೇ ಒಳಗಿಟ್ಟೆ. ಅತ್ತೆ ತಟ್ಟೆಗಳನ್ನು ನೋಡಿದರು, ಟವಲು ನೋಡಿದರು, ನನ್ನ ಮುಖ ನೋಡಿದರು. "ಹೊತ್ತಿಗೆ ಸರಿಯಾಗಿ ಬಂದ್ರಿ," ಎಂದರು.

ಬೆಳೆ ಬಂತು. ಹೇಗೆ ಬಂತು ಅಂತೀರಾ, ಹುಳ ಗೂಡು ಕಟ್ಟುವ ಚಂದ್ರಿಕೆಗಳಲ್ಲಿ ಜಾಗ ಸಾಲದೆ ಪಕ್ಕದ ಮನೆಯಿಂದ ಇಸಿದುಕೊಂಡರು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನಮ್ಮ ಗೂಡಿನ ಮುಂದೆ ಜನ ನಿಂತು ನೋಡಿದರು. ಮನೆಯಲ್ಲಿ ಬಾಡೂಟ ಇಟ್ಟುಕೊಂಡು, ನೆಂಟರೆಲ್ಲ ಸಾಲಾಗಿ ಕೂತಿರುವಾಗ ಅತ್ತೆ ಮೊದಲ ಮುದ್ದೆಯನ್ನು ನನ್ನ ಎಲೆಗೆ ಹಾಕಿ, ಗಟ್ಟಿಯಾಗಿ ಹೇಳಿದರು: "ಈ ಸಲದ ಬೆಳೆ ನಮ್ಮ ದೊಡ್ಡಳಿಯನ ಕೈಗುಣ!"

ಆರು ವರ್ಷ ಕಾದ ಮಾತು. ಪಕ್ಕದ ಎಲೆಯಲ್ಲಿ ಚನ್ನಕೇಶವ ತಲೆ ಬಗ್ಗಿಸಿಕೊಂಡು ಮೂಳೆ ಚೀಪುತ್ತಿದ್ದ. ನನಗೆ ತುತ್ತು ಇಳಿಯಲಿಲ್ಲ. ಅವನದನ್ನು ಕದ್ದು ತಿನ್ನುತ್ತಿದ್ದೇನೆ ಎನ್ನುವುದಕ್ಕಿಂತ, ಅದನ್ನು ಅಷ್ಟು ಸಲೀಸಾಗಿ ಬಿಟ್ಟುಕೊಡಲು ಅವನಿಗೆ ಹೇಗೆ ಮನಸ್ಸು ಬಂತು ಎಂಬುದೇ ಹೆಚ್ಚು ಸುಡುತ್ತಿತ್ತು.

ಊಟವಾದ ಮೇಲೆ ಹಿತ್ತಲಿಗೆ ಹೋದೆ. ಅತ್ತೆ ಒಬ್ಬರೇ ಪಾತ್ರೆಗೆ ನೀರು ಹಾಕುತ್ತಿದ್ದರು. "ಅತ್ತೆ, ಹುಳ ತಂದಿದ್ದು ನಾನಲ್ಲ," ಎಂದು ಎಲ್ಲವನ್ನೂ ಹೇಳಿಬಿಟ್ಟೆ, ಆ ಕಾಲು ಗಂಟೆಯನ್ನೂ ಸೇರಿಸಿ.

ಅತ್ತೆ ಚೊಂಬು ಕೆಳಗಿಡದೆ, "ಗೊತ್ತಪ್ಪ," ಎಂದರು. "ಆ ಟವಲು ಯಾರ್ದು ಅಂತ ಗೊತ್ತಿಲ್ವಾ ನಂಗೆ? ಪ್ರತಿ ಬೆಳೆಗೂ ಒಗೆದು ಒಣಗಾಕಿ ಕಳಿಸೋಳು ನಾನು."

"ಮತ್ತೆ ನನ್ನ ಕೈಗುಣ ಅಂತ ಎಲ್ಲರ ಮುಂದೆ ಯಾಕಂದ್ರಿ?"

"ಕೇಶ್ವಪ್ಪ ಹೇಳ್ದ. ಮಾರನೇ ದಿನ ಕಾರು ತಗೊಂಡೋಗಕ್ಕೆ ಬಂದಿದ್ನಲ್ಲ, ಆವಾಗ. 'ಅತ್ತೆ, ಬೆಳೆ ಬಂದ್ರೆ ಅಣ್ಣನ ಹೆಸ್ರು ಹೇಳಿ. ಆರು ವರ್ಷದಿಂದ ಅವ್ರು ಈ ಮನೇಲಿ ನಗ್ತಾ ಊಟ ಮಾಡಿದ್ದು ನಾನು ನೋಡಿಲ್ಲ' ಅಂದ."

"ಬೆಳೆ ಬರದೇ ಹೋಗಿದ್ದರೆ?"

"ಅದನ್ನೂ ಕೇಳ್ದೆ. 'ಹೋದ್ರೆ ಹುಳ ನಾನೇ ತಂದೆ ಅಂತೀನಿ, ನನ್ನ ಕಾರಲ್ಲೇ ಬಂತಲ್ಲ' ಅಂದ." ಅತ್ತೆ ಚೊಂಬು ಕೆಳಗಿಟ್ಟು ನನ್ನನ್ನೇ ನೋಡಿದರು. "ದೇವುಡಾ, ಯಾಕಪ್ಪ ಹಂಗೆ ನಿಂತೆ? ಎಲೇಲಿ ಎಲ್ಲಾ ಬಿಟ್ಟಿದ್ದೆ, ನಾನು ನೋಡ್ದೆ. ಬಾ, ಇನ್ನೊಂದು ತುತ್ತು ತಿನ್ನು ಬಾ."

ನನಗೆ ಬೇಕಾಗಿದ್ದ ಮಾತು ಆವತ್ತು ಸಿಕ್ಕಿತು. ಅಡುಗೆಮನೆಯ ನೆಲದ ಮೇಲೆ ಕೂತು, ಮೂಗು ಒರೆಸಿಕೊಳ್ಳುತ್ತ ಎರಡನೇ ಸಲ ಊಟ ಮಾಡಿದೆ.

ಹದಿನೇಳು ಇಂಚಿನ ಚಕ್ರಗಳು ಈಗ ನಮ್ಮ ಮನೆಯ ಮಹಡಿಯಲ್ಲಿವೆ. ಶೋಭಾರಾಣಿ ಒಂದರ ಮೇಲೆ ಹಪ್ಪಳ ಒಣಗಿಸುತ್ತಾಳೆ. ಕಾರಿಗೆ ಹಳೇ ಹದಿನಾಲ್ಕನ್ನೇ ಹಾಕಿಸಿದ್ದೇನೆ, ಏರು ಹತ್ತುತ್ತದೆ. ಚನ್ನಕೇಶವನನ್ನು ಕಂಡರೆ ನನಗೆ ಈಗಲೂ ಹೊಟ್ಟೆಕಿಚ್ಚೇ, ಮೊದಲಿಗಿಂತ ಜಾಸ್ತಿ. ಮೊದಲು ಅವನ ಹೆಸರಿನ ಮೇಲಿತ್ತು, ಈಗ ಅವನ ಮೇಲೆಯೇ.

ಹೋದ ವಾರ ಮುಂದಿನ ಬೆಳೆಯ ಹುಳ ಸಿದ್ಧವಾಗಿದೆ ಎಂದು ವೆಂಕಟರಾಮಪ್ಪ ಹೇಳಿಕಳಿಸಿದರು. ನಾನೇ ಚನ್ನಕೇಶವನಿಗೆ ಫೋನ್ ಮಾಡಿದೆ.

"ಈ ಸಲ ನನ್ನ ಕಾರಲ್ಲಿ ಹೋಗಣ. ನೀನು ಓಡ್ಸು, ನಾನು ಹಿಂದೆ ತಟ್ಟೆ ಹಿಡ್ಕೊಂಡು ಕೂತ್ಕೊತೀನಿ. ಮನೆ ಬಾಗಿಲವರೆಗೂ ನೀನೇ ಓಡಿಸ್ಬೇಕು, ಊರಾಚೆ ಇಳಿಯೋ ಆಟ ಬೇಡ."

"ಆಯ್ತಣ್ಣ," ಎಂದು ನಕ್ಕ. "ಟವಲು ನಾನು ತರ್ತೀನಿ."

"ಬೇಡ ಕಣೋ," ಎಂದೆ. "ಟವಲು ನಾನು ತಗೊಂಡಿದೀನಿ, ಹೊಸದು. ಅದನ್ನಾದರೂ ಅತ್ತೆ ನಂದು ಅಂತ ಒಗೀಲಿ."